ಜೀವನಾಂಶ: ದಯೆಯೋ, ಋಣವೋ?

ಧರ್ಮಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲ. ಹಾಗಿರುವಾಗ, ಗಂಡನಿಂದ ದೂರವಾದ ಕ್ರೈಸ್ತ ಹೆಣ್ಣುಮಗಳು ಜೀವನಾಂಶಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸರಿಯೇ? ಹೀಗೆ ಕೇಳುವವರಿದ್ದಾರೆ. ಹತ್ತಿದವಳನ್ನು ದುಡ್ಡಿನಾಸೆಯವಳು ಎಂದು ಜರೆಯುವವರೂ ಇದ್ದಾರೆ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೇ ಪರಿಚ್ಛೇದ ಇದಕ್ಕೆ ಉತ್ತರ ಕೊಡುತ್ತದೆ. ನ್ಯಾಯವಾದ ಹಕ್ಕು, ಮಕ್ಕಳ ಪಾಲನೆ, ಪಿತ್ರಾರ್ಜಿತದ ರಕ್ಷಣೆ ಇವುಗಳಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಸಿವಿಲ್ ವಿಚ್ಛೇದನವನ್ನು ಸಹಿಸಬಹುದು. ಅದು ನೈತಿಕ ಅಪರಾಧವಲ್ಲ. ವಿವಾಹ ಅಸಿಂಧುವೆಂದು ಧರ್ಮಸಭೆಯ ನ್ಯಾಯಮಂಡಳಿ ತೀರ್ಪಿತ್ತಾಗಲೂ, ಪರಸ್ಪರರ ಮತ್ತು ಮಕ್ಕಳ ಪೋಷಣೆಯ ಹೊಣೆಯನ್ನು ಇಬ್ಬರಿಗೂ ನೆನಪಿಸಬೇಕೆಂಬ ನಿಯಮವಿದೆ. ಮನೆ ಎರಡಾದರೂ ಹೊಣೆ ಹರಿಯುವುದಿಲ್ಲ.

ನಮ್ಮ ದೇಶದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ, ಮೊಕದ್ದಮೆ ನಡೆಯುವಾಗ ಹೆಂಡತಿಗೆ ಸಿಗುವ ಜೀವನಾಂಶ ಗಂಡನ ವರಮಾನದ ಐದನೇ ಒಂದು ಭಾಗವನ್ನು ಮೀರುವಂತಿರಲಿಲ್ಲ. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಅರ್ಜಿ ಗಂಡನಿಗೆ ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥವಾಗಬೇಕೆಂದಿತು. 2020ರಲ್ಲಿ ಸುಪ್ರೀಂ ಕೋರ್ಟ್, ಗಂಡಹೆಂಡಿರಿಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು ಆದೇಶಿಸಿತು.

ನಮ್ಮ ವಿಶ್ವಾಸದ ಪರೀಕ್ಷೆಯಾಗುವುದು ಈ ಪ್ರಮಾಣಪತ್ರದ ಮುಂದೆಯೇ. ಜಮೀನನ್ನು ತಮ್ಮನ ಹೆಸರಿಗೆ ಮಾಡಿಸುವವನು, ಸಂಬಳವನ್ನು ಕಾಗದದಲ್ಲಿ ಕಡಿಮೆ ತೋರಿಸುವವನು, ತನ್ನ ನೌಕರಿಯನ್ನು ಮುಚ್ಚಿಡುವ ಹೆಂಡತಿ, ಇವರೆಲ್ಲ ವಕೀಲರ ಜಾಣ್ಮೆಯ ಮರೆಯಲ್ಲಿ ನಿಂತು ದಶಾಜ್ಞೆಗಳಲ್ಲಿ ಏಳನೆಯದನ್ನೂ ಎಂಟನೆಯದನ್ನೂ ಒಟ್ಟಿಗೇ ಮುರಿಯುತ್ತಾರೆ. ಕದ್ದದ್ದು ಎದುರಾಳಿಯದ್ದಲ್ಲ, ಸ್ವಂತ ಮಗುವಿನ ಅನ್ನ.

ಸ್ವಾಭಿಮಾನಕ್ಕೂ ಒಂದು ಮಿತಿಯಿದೆ. "ಅವರ ಬಿಡಿಗಾಸೂ ನನಗೆ ಬೇಡ" ಎನ್ನುವ ತಾಯಿ ತನ್ನ ಪಾಲನ್ನು ಬಿಟ್ಟುಕೊಡಬಹುದು. ಮಗುವಿನ ಪಾಲನ್ನು ಬಿಟ್ಟುಕೊಡಲು ಅದು ಅವಳದಲ್ಲ. ಆದ್ದರಿಂದ ಮೊದಲು ಲೆಕ್ಕ ಬರೆಯಲಿ: ಮನೆ ಬಾಡಿಗೆ, ದಿನಸಿ, ಶಾಲೆಯ ಶುಲ್ಕ, ಔಷಧಿ. ಸಿಟ್ಟಿಗೆ ಬೆಲೆ ಕಟ್ಟದೆ, ಅಗತ್ಯಕ್ಕೆ ಮಾತ್ರ ಕಟ್ಟಲಿ. ತಂದೆಯೂ ತನ್ನ ಕೋಪವನ್ನು ಮಕ್ಕಳ ಶುಲ್ಕದ ಮೇಲೆ ತೀರಿಸಿಕೊಳ್ಳದಿರಲಿ.

ಸ್ವಂತ ಮನೆಯವರನ್ನು ಪೋಷಿಸದವನು ವಿಶ್ವಾಸವನ್ನೇ ತೊರೆದಂತೆ ಎಂಬುದು ಸಂತ ಪೌಲರ ಬೋಧನೆ. ಕೊಡುವ ಕೈ ಇದನ್ನು ಭಿಕ್ಷೆಯೆಂದು ತಿಳಿಯದಿರಲಿ, ಪಡೆಯುವ ಕೈ ನಾಚದಿರಲಿ. ಇದು ಬಲಿಪೀಠದ ಮುಂದೆ ಕೊಟ್ಟ ಮಾತಿನಲ್ಲಿ ಇನ್ನೂ ತೀರದೆ ಉಳಿದಿರುವ ಋಣ.