ಉಪಕರಣದ ಋಣ

ಉಪಕರಣಕ್ಕೆ ನಾವು ಋಣಿಗಳೇ? ಕತ್ತರಿಗೂ ಹೊಲಿಗೆಯ ಯಂತ್ರಕ್ಕೂ ಜೀವವಿಲ್ಲ. ಎಣ್ಣೆ ಬಿಡದಿದ್ದರೆ ಅವು ನೋಯುವುದಿಲ್ಲ, ಸಾಣೆ ಹಿಡಿಸಿದರೆ ಹರಸುವುದೂ ಇಲ್ಲ. ಆದರೂ ಆಯುಧಪೂಜೆಯ ದಿನ ಅವುಗಳನ್ನು ಒರೆಸಿ, ಕುಂಕುಮವಿಟ್ಟು, ಹೂವೇರಿಸಿ ಕೈಮುಗಿಯುತ್ತೇವೆ. ವರ್ಷಕ್ಕೊಮ್ಮೆ ಸಲ್ಲುವ ಈ ಗೌರವಕ್ಕೂ ಉಳಿದ ದಿನಗಳ ಆರೈಕೆಗೂ ಇರುವ ಸಂಬಂಧವನ್ನು ವಿಚಾರಿಸುವುದು ಅನುಚಿತವಾಗಲಾರದು.

ಮರಕ್ಕಡವಿನ ಹೆಸರಿನಲ್ಲಿಯೇ ಈ ವಿಚಾರಕ್ಕೊಂದು ದೃಷ್ಟಾಂತವಿದೆ. ಈಚೆ ವಯನಾಡು, ಆಚೆ ಮೈಸೂರು ಜಿಲ್ಲೆಯ ಬೈರಕುಪ್ಪೆ, ನಡುವೆ ಕಬಿನಿ. ಕಡವೆಂದರೆ ದೋಣಿ ದಾಟುವ ತಾಣ. ದೋಣಿಯಲ್ಲಿ ಕುಳಿತವರು ಹುಟ್ಟು ಹಾಕುವ ತೋಳನ್ನು ಕಾಣುತ್ತಾರೆ. ಬಿರುಕು ಮುಚ್ಚಿ ನೀರು ಒಸರದಂತೆ ಕಾಪಾಡಿದ ಕೈಯನ್ನು ಕಾಣರು. ದಡ ಮುಟ್ಟಿಸುವುದು ಮಾತ್ರ ಆ ಎರಡೂ ಕೂಡಿಯೇ.

ಹೊಲಿಗೆಯ ಮಾತೂ ಹಾಗೆಯೇ. ವಯನಾಡಿನ ಮಳೆಗಾಲದ ತೇವಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬಟ್ಟೆಯನ್ನು ಸರಿಸುವ ಹಲ್ಲುಗಳ ನಡುವೆ, ಬಾಬಿನ್ನಿನ ಗೂಡಿನಲ್ಲಿ, ನೂಲಿನ ಧೂಳು ದಿನದಿನವೂ ಸೇರಿ, ಎಣ್ಣೆಯನ್ನು ಹೀರಿ ಗಟ್ಟಿಯಾದರೆ ಹೊಲಿಗೆ ಕೆಡುತ್ತದೆ. ಕುಂಚದಿಂದ ಅದನ್ನು ತೆಗೆದು, ಎಣ್ಣೆಯ ತೂತುಗಳಿಗೆ ಒಂದೊಂದು ತೊಟ್ಟು ಮೆಷಿನ್ ಎಣ್ಣೆ ಬಿಟ್ಟು, ಹಳೆಯ ಚಿಂದಿಯ ಮೇಲೆ ನಾಲ್ಕು ಸಾಲು ಹೊಲಿದು ಹೆಚ್ಚಿನ ಎಣ್ಣೆಯನ್ನು ಕಳೆಯಬೇಕು. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಟ್ಟರೆ ಅದು ಕ್ರಮೇಣ ಅಂಟಾಗಿ ಯಂತ್ರವನ್ನೇ ಬಿಗಿಯುತ್ತದೆ. ಕತ್ತರಿಗೆ ಸಾಣೆ ಹಿಡಿಸುವಾಗ ಇಳಿಜಾರಾದ ಅಂಚನ್ನಷ್ಟೇ ಮಸೆಯಬೇಕು. ಒಳಮೈಯನ್ನು ತೇಯ್ದರೆ ಅಲಗುಗಳು ಒಂದಕ್ಕೊಂದು ಕೂಡವು.

ಹೀಗೆ ಕಾಪಾಡಿದ ಕತ್ತರಿಯನ್ನು ಕಾಗದ ಕತ್ತರಿಸಲೆಂದು ನೆರೆಯವರು ಕೇಳಿದರೆ ದರ್ಜಿ ಕೊಡನು. ಇದು ಜಿಪುಣತನವೇ? ಅಲ್ಲವೆಂದೇ ನಮ್ಮ ಮತ. ಕಾಗದ ಅಲಗನ್ನು ಮೊಂಡಾಗಿಸುತ್ತದೆ. ಮೊಂಡು ಅಲಗು ಕೆಡಿಸುವುದು ದರ್ಜಿಯ ಸ್ವಂತ ಬಟ್ಟೆಯನ್ನಲ್ಲ, ಅವನನ್ನು ನಂಬಿ ಕೊಟ್ಟವರ ಬಟ್ಟೆಯನ್ನು. ಆದುದರಿಂದ ಋಣವಿರುವುದು ಕಬ್ಬಿಣಕ್ಕಲ್ಲ. ಅದರ ಬಾಯಿಗೆ ತಮ್ಮದನ್ನು ಒಪ್ಪಿಸಿದ ಮನುಷ್ಯರಿಗೆ.

ಇಲ್ಲಿಯವರೆಗೆ ಉತ್ತರ ಸುಲಭ. ಯಂತ್ರ ಹಲವರಿಗೆ ಸೇರಿದ್ದಾದಾಗ ಪ್ರಶ್ನೆ ಕಠಿಣವಾಗುತ್ತದೆ. 1998ರಲ್ಲಿ ಆರಂಭವಾದ ಕುಟುಂಬಶ್ರೀ ಯೋಜನೆ ಕೇರಳದ ಹೆಂಗಸರಿಗೆ ಕೂಡಿ ದುಡಿಯುವ ದಾರಿ ತೆರೆಯಿತು. ಹೊಲಿಗೆ ಘಟಕಗಳೂ ಅದರಲ್ಲಿ ಸೇರಿವೆ. ಕೂಡಿ ಹೊಲಿಯುವ ಕಡೆ ಕೂಲಿಯನ್ನು ಉಡುಪಿನ ಲೆಕ್ಕದಲ್ಲಿ ಕೊಟ್ಟರೆ, ಧೂಳು ತೆಗೆದು ಎಣ್ಣೆ ಬಿಡುವ ಕಾಲು ಗಂಟೆಗೆ ಲೆಕ್ಕವೇ ಇಲ್ಲ. ಎಲ್ಲರದೂ ಎಂಬುದು ಯಾರದೂ ಅಲ್ಲವಾಗುತ್ತದೆ. ಇಲ್ಲವೆ, ಮನಸ್ಸು ಕೇಳದ ಒಬ್ಬಾಕೆಯೇ ಪ್ರತಿ ಸಂಜೆ ಕುಂಚ ಹಿಡಿಯುತ್ತಾಳೆ. ಉಳಿದವರು ಒಂದು ರವಿಕೆ ಹೆಚ್ಚಿಗೆ ಹೊಲಿಯುತ್ತಾರೆ.

ಆಕೆಯನ್ನು ಹೊಗಳುವುದು ಕಷ್ಟವಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು. ಉಪಕರಣವೇ ಅವರ ಹೆಸರಾಯಿತು. ಆ ಪರಂಪರೆಯನ್ನು ನೆನೆದು ಆಕೆಯ ದುಡಿಮೆಯನ್ನು ಕಾಯಕವೆನ್ನಬಹುದು. ಆದರೆ ಕಾಯಕವೆಂಬ ಹಿರಿಯ ಮಾತನ್ನು ಕೂಲಿ ತಪ್ಪಿಸುವ ನೆಪವಾಗಿಸಿದರೆ ಆ ಮಾತಿಗೇ ಅಪಚಾರ. ಗಾಂಧೀಜಿಯವರು 1924ರಲ್ಲಿ ಹೊಲಿಗೆಯ ಯಂತ್ರವನ್ನು ತಮ್ಮ ಯಂತ್ರವಿರೋಧಕ್ಕೆ ಅಪವಾದವೆಂದು ಎಣಿಸಿದರು. ಹೊಲಿಯುವವಳ ಬೇಸರವನ್ನು ತಗ್ಗಿಸಬೇಕೆಂಬ ಪ್ರೀತಿ ಅದರ ಹಿಂದಿದೆ ಎಂಬುದು ಅವರ ಕಾರಣ. ಹಲವರ ಬೇಸರ ತಗ್ಗಿಸುವ ಯಂತ್ರ ಒಬ್ಬಳ ಮೇಲೆ ಹೊರೆಯಾದರೆ ಆ ಪ್ರೀತಿ ಎಲ್ಲಿ ಉಳಿಯಿತು?

ಆರೈಕೆಯೂ ಹೊಲಿಗೆಯ ಒಂದು ಭಾಗವೇ ಎಂದು ಒಪ್ಪಿದ ಮೇಲೆ ಅದಕ್ಕೆ ಸರದಿಯೂ ಇರಬೇಕು, ಕೂಲಿಯೂ ಇರಬೇಕು. ಯಂತ್ರಕ್ಕೆ ಹೂವೇರಿಸುವ ದಿನ ವರ್ಷವಿಡೀ ಅದಕ್ಕೆ ಎಣ್ಣೆ ಬಿಟ್ಟ ಕೈ ಯಾವುದೆಂದು ಕೇಳಿ, ಆ ಕೈಯ ಬಾಕಿಯನ್ನು ತೀರಿಸುವುದೇ ಆಯುಧಪೂಜೆಯ ಮೊದಲ ವಿಧಿಯಾಗಲೆಂದು ನಾವು ಬಯಸುತ್ತೇವೆ.