ಬಿಡುವು ಯಾರದು?

ನಗರವಾಸಿಯಾದ ತರುಣನೊಬ್ಬನ ಒಂದು ಸಾಮಾನ್ಯ ದಿನವನ್ನು ಕಲ್ಪಿಸಿಕೊಳ್ಳೋಣ. ಬೆಳಗ್ಗೆ ಎದ್ದು ಕಚೇರಿಗೆ ಹೋಗುತ್ತಾನೆ; ಸಂಜೆಯವರೆಗೆ ಗಣಕಯಂತ್ರದ ಮುಂದೆ ನಿಷ್ಠೆಯಿಂದ ದುಡಿಯುತ್ತಾನೆ; ದಾರಿಯುದ್ದಕ್ಕೂ ಸಿನಿಮಾ ಹಾಡು ಕೇಳುತ್ತಾನೆ; ಮನೆಗೆ ಬಂದು ತನ್ನ ನಾಲ್ಕು ಬಟ್ಟೆ ಮಡಚಿಟ್ಟು, ಉಂಡು, ಮೊಬೈಲಿನಲ್ಲಿ ಒಂದೆರಡು ತಾಸು ಆಟವಾಡಿ, ಧಾರಾವಾಹಿಯ ಒಂದು ಕಂತು ನೋಡಿ ಮಲಗುತ್ತಾನೆ. ಯಾರಿಗೂ ಕೇಡು ಬಗೆದಿಲ್ಲ, ಸುಳ್ಳಾಡಿಲ್ಲ. ಇಂಥ ದಿನದಲ್ಲಿ ನೀತಿವಿಚಾರಕ್ಕೆ ಎಡೆಯೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಆದರೆ ಮನುಷ್ಯನ ಬಾಳಿನಲ್ಲಿ ಮಹಾಸಂಕಟದ ದಿನಗಳು ಬೆರಳೆಣಿಕೆಯವು, ಉಳಿದವೆಲ್ಲ ಇಂಥವೇ. ನೀತಿಯ ಮಾತು ಈ ದಿನಕ್ಕೆ ಅನ್ವಯಿಸದಿದ್ದರೆ ಮತ್ತಾವ ದಿನಕ್ಕೆ ಅನ್ವಯಿಸೀತು?

ಹಿರಿಯರು ಮೊದಲು ಬೆರಳು ಮಾಡುವುದು ಆಟದ ಕಡೆಗೆ. ಕಾಲಹರಣವೆಂಬ ಒಂದೇ ಮಾತಿನಿಂದ ಅದನ್ನು ತಳ್ಳಿಹಾಕುತ್ತಾರೆ. ಈ ತೀರ್ಪು ನಮಗೆ ಒಪ್ಪಿಗೆಯಿಲ್ಲ. ಮಳೆಗಾಲದ ಮಧ್ಯಾಹ್ನಗಳಲ್ಲಿ ಅಳಗುಳಿಮಣೆ, ಚೌಕಾಬಾರಾ ಆಡಿದ ನಮ್ಮ ಅಜ್ಜಿಯರೇನು ಸೋಮಾರಿಗಳೆ? ಹಣವನ್ನು ಪಣವಾಗಿ ಒಡ್ಡುವ ಆಟದ ಮಾತು ಬೇರೆ. ಅದು ಜೂಜು, ಅದರ ಗತಿಯೇನೆಂಬುದನ್ನು ಧರ್ಮರಾಯನ ಕಥೆ ಕೇಳಿದ ಮಕ್ಕಳೂ ಬಲ್ಲರು. ಅಂತರಜಾಲದ ಹಣದಾಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಒಂದು ಭೇದವನ್ನಂತೂ ಗಮನಿಸಬೇಕು: ಅಳಗುಳಿಮಣೆಯಲ್ಲಿ ಕಾಳು ತೀರಿದರೆ ಆಟವೂ ತೀರಿತು. ಇಂದಿನ ಎಷ್ಟೋ ಆಟಗಳಲ್ಲಿ ದಿನವೂ ಹಾಜರಿ ಹಾಕಿದವನಿಗೆ ಬಹುಮಾನವುಂಟು, ಒಂದು ದಿನ ತಪ್ಪಿದರೆ ಸರಪಳಿ ಕಡಿದೀತೆಂಬ ಭಯವೂ ಉಂಟು.

ಈಗ ಒಂದು ಆಟವನ್ನೇ ಹತ್ತಿರದಿಂದ ನೋಡೋಣ. ಮಾಸ್ಕೋ ನಗರದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸೇ ಪಾಜಿಟ್ನೋವ್ 1984ರಲ್ಲಿ ‘ಟೆಟ್ರಿಸ್’ ಎಂಬ ಆಟವನ್ನು ರಚಿಸಿದರು. ಅವರ ಉದ್ಯೋಗ ಬೇರೆಯಿತ್ತು. ಆಟ ಹುಟ್ಟಿದ್ದು ಆ ಉದ್ಯೋಗದ ಸಂದಿಯಲ್ಲಿ. ಅವರ ಬಳಿಯಿದ್ದ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲವಾದ್ದರಿಂದ ಆವರಣ ಚಿಹ್ನೆಗಳನ್ನು ಜೋಡಿಸಿ ತುಂಡುಗಳನ್ನು ಮಾಡಿದರು. ನಾಲ್ಕು ನಾಲ್ಕು ಚೌಕಗಳ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅವನ್ನು ತಿರುಗಿಸಿ ಸಾಲು ತುಂಬಿಸಬೇಕು. ತುಂಬಿದ ಸಾಲು ಮಾಯವಾಗುತ್ತದೆ. ಮತ್ತೆ ತುಂಡುಗಳು ಬೀಳುತ್ತವೆ. ಅದರ ಒಂದು ಆವೃತ್ತಿಯನ್ನು ಅಮೆರಿಕದ 13 ವರ್ಷದ ಹುಡುಗನೊಬ್ಬ 2023ರ ಡಿಸೆಂಬರಿನಲ್ಲಿ ಆಟವೇ ಸ್ತಬ್ಧವಾಗುವವರೆಗೆ ಆಡಿದಾಗ ಜಗತ್ತಿನ ಪತ್ರಿಕೆಗಳು ಅದನ್ನು ಸುದ್ದಿ ಮಾಡಿದವು.

ಇಲ್ಲಿ ವಿಚಾರಿಸಬೇಕಾದದ್ದಿದೆ. ಮುಗಿಸಿದ್ದು ಮಾಯವಾಗುವುದು, ಮುಗಿಯದ್ದು ಮಾತ್ರ ಕಣ್ಣಿಗೆ ಬೀಳುವುದು, ಮತ್ತೆ ಮೊದಲಿನಿಂದ ತೊಡಗುವುದು: ಇದು ಮನೆಗೆಲಸದ ಸ್ವರೂಪವೂ ಅಲ್ಲವೆ? ಬೆಳಗಿದ ಪಾತ್ರೆ ಮಧ್ಯಾಹ್ನಕ್ಕೆ ಮುಸುರೆಯಾಗುತ್ತದೆ. ಗುಡಿಸಿದ ಅಂಗಳಕ್ಕೆ ಸಂಜೆಯೊಳಗೆ ಎಲೆ ಉದುರುತ್ತದೆ. ಸ್ವರೂಪ ಒಂದೇ ಆಗಿರುವಾಗ ಒಂದು ಉಲ್ಲಾಸವನ್ನೂ ಇನ್ನೊಂದು ಬೇಸರವನ್ನೂ ತರುವುದೇಕೆ? ಆಟವನ್ನು ನಾವು ಬಯಸಿ ಕೈಗೊಳ್ಳುತ್ತೇವೆ, ಬೇಕೆಂದಾಗ ಬಿಡುತ್ತೇವೆ ಎಂಬುದೊಂದು ಕಾರಣ. ಆಟದಲ್ಲಿ ಮಾಯವಾದ ಪ್ರತಿ ಸಾಲಿಗೂ ಯಾರೋ ಅಂಕ ಬರೆದಿಡುತ್ತಾರೆ ಎಂಬುದು ಇನ್ನೊಂದು.

ಅಡುಗೆಮನೆಯ ಅಂಕವನ್ನು ಬರೆದಿಟ್ಟವರು ವಿರಳ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅಂಥ ಕೆಲಸಕ್ಕೆ ಕೈಹಾಕುತ್ತಿದ್ದ ಗಂಡಸರಾದರೂ ನೂರಕ್ಕೆ ಸುಮಾರು 26 ಮಂದಿ ಮಾತ್ರ. 2024ರಲ್ಲಿ ಮತ್ತೆ ಎಣಿಸಿದಾಗ ನಿಮಿಷಗಳು 289 ಮತ್ತು 88 ಆದವು. ನಮ್ಮ ತರುಣನ ಎರಡು ತಾಸಿನ ಆಟ ಎಲ್ಲಿಂದ ಬಂತೆಂಬುದಕ್ಕೆ ಈ ಅಂಕಿಗಳಲ್ಲಿ ಉತ್ತರವಿದೆ. ಅವನು ಉಂಡೆದ್ದ ಮೇಲೆ ಆ ತಟ್ಟೆ ಏನಾಯಿತು?

ಗ್ರೀಸಿನ ಅರಿಸ್ಟಾಟಲ್ ಬಿಡುವನ್ನು ದುಡಿಮೆಗಿಂತ ಮೇಲೆ ಇರಿಸಿದ. ಆಟವು ದಣಿದವನಿಗೆ ಔಷಧ, ಬಿಡುವಾದರೋ ಬದುಕಿನ ಗುರಿ ಎಂಬುದು ಅವನ ಮತ. ಗ್ರೀಕ್ ಭಾಷೆಯಲ್ಲಿ ಬಿಡುವನ್ನು ಹೇಳುವ ಪದವೇ ಮುಂದೆ ಇಂಗ್ಲಿಷಿನ ‘ಸ್ಕೂಲ್’ ಆಯಿತು. ಸೊಗಸಾದ ವಿಚಾರ. ಆದರೆ ಅವನ ಪೌರನ ಬಿಡುವು ಗುಲಾಮರ ಬೆನ್ನಿನ ಮೇಲೆ ನಿಂತಿತ್ತು. ಲಾಳಿ ತಾನಾಗಿಯೇ ನೇಯುವಂತಿದ್ದರೆ ಒಡೆಯನಿಗೆ ಆಳು ಬೇಕಾಗುತ್ತಿರಲಿಲ್ಲವೆಂದು ಅವನೇ ಬರೆದಿದ್ದಾನೆ. ಲಾಳಿ ಈಗ ತಾನಾಗಿಯೇ ನೇಯುತ್ತಿದೆ, ಯಂತ್ರ ಬಟ್ಟೆ ಒಗೆಯುತ್ತಿದೆ. ಆದರೂ ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಯಂತ್ರಗಳು ಬಂದಾಗ ಹಗುರವಾದದ್ದು ಬಹುಮಟ್ಟಿಗೆ ಸೌದೆ ಒಡೆಯುವಂಥ ಗಂಡಸರ ಮತ್ತು ಮಕ್ಕಳ ಪಾಲಿನ ಕೆಲಸ. ಶುಚಿತ್ವದ ಅಪೇಕ್ಷೆ ಏರಿತು. ತಾಯಿಯ ಹೊರೆ ಇಳಿಯಲಿಲ್ಲ.

ಸಿನಿಮಾ ಧಾರಾವಾಹಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1972ರ ‘ಬಂಗಾರದ ಮನುಷ್ಯ’ವನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರಿದ್ದಾರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ನೋಡಿದ್ದು ಮರುದಿನದ ಬಾಳಿಗೆ ಇಳಿದರೆ ಅದನ್ನು ವ್ಯರ್ಥವೆನ್ನಲು ಯಾರಿಗೂ ಬಾಯಿ ಬಾರದು.

ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರು ಮಠದ ಪ್ರಸಾದನಿಲಯಗಳಲ್ಲಿ ಬೆಳೆದವರು. ಸಾಲಿನಲ್ಲಿ ನಿಂತು ತಮ್ಮ ತಟ್ಟೆಯನ್ನು ತಾವೇ ತೊಳೆದವರು, ಸರದಿಯಂತೆ ಬಡಿಸಿದವರು, ಕಸ ಹೊಡೆದವರು. ಮದುವೆಯಾಗಿ ಮನೆಕಟ್ಟಿದ ಮೇಲೆ ಆ ಸರದಿ ಎಲ್ಲಿ ಹೋಯಿತು? ಕೇಳಿದರೆ, “ನಾನು ಮಾಡಲು ಹೋದರೆ ನಮ್ಮ ತಾಯಿಯೇ ಬಿಡುವುದಿಲ್ಲ, ಬುದ್ಧೀ, ದಣಿದು ಬಂದಿದ್ದೀಯಪ್ಪಾ, ಕೂತುಕೋ ಎನ್ನುತ್ತಾರೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಮಾತು ತಾಯಿಯ ಅಂತಃಕರಣ. ಅದನ್ನೇ ಅಪ್ಪಣೆಯೆಂದು ತಿಳಿಯುವುದು ಮಗನ ಅನುಕೂಲ. ಒಮ್ಮೆ ಬೇಡವೆಂದರೂ ಮರುದಿನ ಮತ್ತೆ ಕೈಹಚ್ಚಿದರೆ, ವಾರದೊಳಗೆ ಆಕೆಗೂ ದಿನಕ್ಕೊಂದು ತಾಸು ಉಳಿದೀತು. ಆ ತಾಸಿನಲ್ಲಿ ಆಕೆ ಪುರಾಣ ಓದುತ್ತಾಳೋ, ನೆರೆಮನೆಯವಳೊಂದಿಗೆ ಹರಟುತ್ತಾಳೋ, ಮೊಬೈಲಿನಲ್ಲಿ ಬಣ್ಣದ ಚೌಕಗಳನ್ನು ಜೋಡಿಸುತ್ತಾಳೋ, ಅದು ಆಕೆಗೆ ಬಿಟ್ಟದ್ದು.