ಎಂಜಿನ್ ಬದಲಾದ ಮೇಲೆ



ದೀಕ್ಷೆಯಾಗಿ ವರ್ಷಗಳು ಕಳೆದರೂ ಬದುಕಿನಲ್ಲಿ ಮಾರ್ಪಾಟು ಕಾಣಲಿಲ್ಲವಲ್ಲ ಎಂದು ನಮ್ಮ ಬಳಿ ಹೇಳಿಕೊಳ್ಳುವ ಭಕ್ತರು ಅನೇಕರಿದ್ದಾರೆ. ಗುರು ಲಿಂಗವನ್ನು ಕರುಣಿಸಿದ್ದುಂಟು, ಹಣೆಗೆ ವಿಭೂತಿ ಏರಿದ್ದುಂಟು, ಕಿವಿಯಲ್ಲಿ ಮಂತ್ರ ಬಿದ್ದದ್ದುಂಟು. ಆದರೆ ಅಂಗಡಿಯ ತಕ್ಕಡಿ ಹಿಂದಿನಂತೆಯೇ ಒಂದು ಕಡೆಗೆ ವಾಲುತ್ತದೆ, ಅಣ್ಣತಮ್ಮಂದಿರ ಬದುವಿನ ಜಗಳ ಹಿಂದಿನಂತೆಯೇ ನಡೆದಿದೆ. ಹಾಗಾದರೆ ದೀಕ್ಷೆ ಫಲಿಸಲಿಲ್ಲವೇ? ಇದಕ್ಕೆ ಶಾಸ್ತ್ರದ ಉತ್ತರಗಳು ಬೇಕಾದಷ್ಟಿವೆ. ಈ ಸಲ ನಾವು ಒಂದು ಹಳೆಯ ಲಾರಿಯ ಮೂಲಕ ಉತ್ತರ ಹೇಳಬಯಸುತ್ತೇವೆ. ಮಠದ ಪತ್ರಿಕೆಯಲ್ಲಿ ಗ್ಯಾರೇಜಿನ ಮಾತೇಕೆ ಎಂದು ಹಿರಿಯರು ಬೇಸರಿಸಬಾರದು. ಹನ್ನೆರಡನೆಯ ಶತಮಾನದ ಶರಣರು ಹಗ್ಗ ಹೊಸೆಯುವುದರಿಂದ, ಬಟ್ಟೆ ಮಡಿ ಮಾಡುವುದರಿಂದ, ದೋಣಿ ನಡೆಸುವುದರಿಂದ ಮಾತು ತೆಗೆದವರು. ಇಂದು ನಮ್ಮ ಗಡಿಭಾಗದ ಭಕ್ತರ ಕೈಗೆ ಗ್ರೀಸು ಹತ್ತಿದ್ದರೆ ಅಲ್ಲಿಂದಲೇ ಮಾತು ತೆಗೆಯಬೇಕಾಗುತ್ತದೆ.

ಜತ್ತ ತಾಲ್ಲೂಕಿನ ನಮ್ಮ ಭಕ್ತರ ಮನೆಯೊಂದರಲ್ಲಿ ಅಜ್ಜನ ಕಾಲದ ಫಾರ್ಗೋ ಲಾರಿಯಿದೆ. ಈಗಿನ ಹುಡುಗರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ನಮ್ಮ ಸೊಲ್ಲಾಪುರದಲ್ಲಿಯೇ 1882ರಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ, ಮುಂಬಯಿಯ ಕುರ್ಲಾದ ಕಾರಖಾನೆಯಿಂದ ಡಾಡ್ಜ್, ಫಾರ್ಗೋ ಲಾರಿಗಳನ್ನು ಹೊರತಂದರು. ಒಂದು ಕಾಲಕ್ಕೆ ಸೊಲ್ಲಾಪುರದ ಹತ್ತಿಗೂ ಅಕ್ಕಲಕೋಟೆಯ ತೊಗರಿಗೂ ಇಂಥ ಗಾಡಿಗಳೇ ದಿಕ್ಕು. ಈ ಮನೆಯ ಲಾರಿಯದು ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಪೆಟ್ರೋಲು ಕುಡಿಸಲಾರದೆ ಬೇವಿನ ಮರದ ಕೆಳಗೆ ನಿಲ್ಲಿಸಿ, ಅದರ ಮೇಲೆ ಕೋಳಿ ಕೂರುವಷ್ಟು ವರ್ಷ ಬಿಟ್ಟಿದ್ದರು. ಮನೆಯ ಮೊಮ್ಮಗ ಡೀಸೆಲ್ ಕೆಲಸ ಕಲಿತವನು. ಗುಜರಿಯಿಂದ ಒಂದು ಪರ್ಕಿನ್ಸ್ ಪಿ-6 ಎಂಜಿನ್ ತಂದು, ಮನೆಯ ಅಂಗಳದಲ್ಲಿಯೇ ಕೂರಿಸಿದ. ಇಂಗ್ಲೆಂಡಿನ ಪೀಟರ್‌ಬರೋದ ಪರ್ಕಿನ್ಸ್ ಕಂಪನಿ 1937ರಲ್ಲಿ ಹೊರತಂದ ಎಂಜಿನ್ ಅದು. ಮದರಾಸಿನ ಸಿಂಪ್ಸನ್ ಕಂಪನಿ ಅದೇ ನಮೂನೆಯನ್ನು ನಮ್ಮ ದೇಶದಲ್ಲಿ ತಯಾರಿಸಿತು. ಸುಮಾರು 4.7 ಲೀಟರಿನ, 83 ಕುದುರೆ ಬಲದ ಎಂಜಿನ್. ಪೆಟ್ರೋಲ್ ಲಾರಿಯ ಎಂಜಿನ್ ಇಳಿಸಿ ಇದನ್ನು ಏರಿಸುವ ರೂಢಿ ಆಗಿನಿಂದಲೂ ಇತ್ತು. ಆದ್ದರಿಂದ ಹುಡುಗ ಮಾಡಿದ್ದು ಹುಚ್ಚು ಕೆಲಸವೇನಲ್ಲ.

ಅವನ ಶ್ರಮವನ್ನು ನಾವು ಮೆಚ್ಚಿದ್ದೇವೆ. ಹಳೆಯ ಗೇರ್‌ಬಾಕ್ಸಿಗೂ ಹೊಸ ಎಂಜಿನಿಗೂ ನಡುವೆ ದಪ್ಪ ಉಕ್ಕಿನ ತಗಡು ಕೊರೆಸಿ, ಲೇತಿನಲ್ಲಿ ಹದ ಮಾಡಿಸಿ, ಎರಡರ ನಡುಗೆರೆ ಒಂದೇ ಸಾಲಿಗೆ ಬರುವಂತೆ ಅಳತೆಗೋಲು ಹಿಡಿದು ದಿನಗಟ್ಟಲೆ ಕುಳಿತಿದ್ದನಂತೆ. ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ಗೇರ್‌ಬಾಕ್ಸಿನ ಬೇರಿಂಗು ಕೆಲವೇ ದಿನಗಳಲ್ಲಿ ಪುಡಿಯಾಗುತ್ತದೆ. 6 ವೋಲ್ಟಿನ ಹಳೆಯ ವೈರಿಂಗು ಡೀಸೆಲ್ ಎಂಜಿನನ್ನು ತಿರುಗಿಸಲಾರದೆಂದು 12 ವೋಲ್ಟಿಗೆ ಬದಲಿಸಿದ. ಇಂಜೆಕ್ಟರಿನಿಂದ ಮಿಕ್ಕ ಎಣ್ಣೆ ಟ್ಯಾಂಕಿಗೆ ಮರಳಲು ಬೇರೆ ನಳಿಗೆ ಹಾಕಿದ. ನಳಿಗೆಗಳ ಗಾಳಿ ತೆಗೆದು ಸ್ಟಾರ್ಟ್ ಮಾಡಿದಾಗ ಮೊದಲ ಸಲಕ್ಕೇ ಹೊಗೆಯುಗುಳಿ ಎಂಜಿನ್ ಎದ್ದಿತು. ಊರಿಗೆಲ್ಲ ಪೇಡೆ ಹಂಚಿದರು.

ಮೂರನೆಯ ದಿನ ಜೋಳದ ಚೀಲ ಹೇರಿಕೊಂಡು ಹಳ್ಳದ ಇಳುಕಲಿಗೆ ಬಂದಾಗ ಬ್ರೇಕು ಕಲ್ಲಿನಂತಾಯಿತು. ಎರಡೂ ಕಾಲಿನಿಂದ ತುಳಿದರೂ ಗಾಡಿ ನಿಧಾನವಾಗಲೊಲ್ಲದು. ಬದುವಿನ ಮಣ್ಣಿಗೆ ಮೂತಿ ಕೊಟ್ಟು ನಿಂತಿದ್ದರಿಂದ ಹಿಂದೆ ಚೀಲಗಳ ಮೇಲೆ ಕುಳಿತಿದ್ದ ನಾಲ್ವರು ಆಳುಗಳು ಉಳಿದುಕೊಂಡರು. ಹುಡುಗನ ತಂದೆ ಮಠಕ್ಕೆ ಬಂದು, “ಅಪ್ಪಾರ, ಎಂಜಿನ್ ಭಾಳ ಚಲೋ ಐತ್ರಿ, ಆದ್ರ ಗಾಡಿ ನಿಲ್ಲವಲ್ತ್ರಿ. ಯಾರದರ ದೃಷ್ಟಿ ಆಗೇತೇನ್ರಿ?” ಎಂದು ಕೇಳಿದರು. ಅವರು ತಾಯತ ಬೇಡಲು ಬಂದಿದ್ದರು. ನಾವು ಮಿಸ್ತ್ರಿಯೊಬ್ಬರನ್ನು ಕಳಿಸಿಕೊಟ್ಟೆವು.

ದೃಷ್ಟಿ ಯಾರದೂ ಆಗಿರಲಿಲ್ಲ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೀರುವಾಗ ಅದರೊಳಗೆ ಒಂದು ನಿರ್ವಾತ ಉಂಟಾಗುತ್ತದೆ. ಆ ಹೀರುವಿಕೆಯನ್ನು ಒಂದು ರಬ್ಬರ್ ನಳಿಗೆಯಿಂದ ಬ್ರೇಕಿನ ಬೂಸ್ಟರಿಗೆ ಒಯ್ದಿರುತ್ತಾರೆ. ಚಾಲಕನ ಕಾಲಿಗೆ ಅದೇ ಬಲ ಕೂಡಿಸುವುದು. ಡೀಸೆಲ್ ಎಂಜಿನಿನಲ್ಲಿ ಬ್ರೇಕಿಗೆ ಸಾಲುವಷ್ಟು ಹೀರುವಿಕೆ ಇರುವುದಿಲ್ಲ. ಅದಕ್ಕೆಂದೇ ಬೇರೆ ವ್ಯಾಕ್ಯೂಮ್ ಪಂಪು ಕೂರಿಸಬೇಕು. ಹುಡುಗ ಏನು ಮಾಡಿದ್ದ? ಆ ನಳಿಗೆಗೆ ಹೊಸ ಎಂಜಿನಿನಲ್ಲಿ ಎಲ್ಲಿಯೂ ಜಾಗ ಕಾಣದೆ, ಅದರ ಬಾಯಿಗೆ ಒಂದು ಬೋಲ್ಟು ತುರುಕಿ ಕ್ಲಿಪ್ಪು ಬಿಗಿದಿದ್ದ.

ಭಕ್ತರೇ, ಆ ಬೋಲ್ಟಿನ ಬಳಿ ಸ್ವಲ್ಪ ನಿಲ್ಲೋಣ. ದೀಕ್ಷೆಯೆಂದರೆ ಒಳಗಿನ ಯಂತ್ರ ಬದಲಾಗುವುದು. ಹಿಂದೆ ಆಸೆಯಿಂದ ಓಡುತ್ತಿದ್ದ ಬದುಕು ಇನ್ನು ಮೇಲೆ ಲಿಂಗನಿಷ್ಠೆಯಿಂದ ಓಡಬೇಕು. ಆದರೆ ಹಳೆಯ ಆಸೆಗೆ ಜೋಡಿಸಿದ್ದ ನಳಿಗೆಗಳು ಒಂದೆರಡಲ್ಲ. ಸಾಲ ವಸೂಲಿಗೆ ಹೋಗುವ ರೀತಿ ಅದಕ್ಕೆ ಜೋಡಿಸಿತ್ತು. ಮಗಳ ಮದುವೆಯ ಲೆಕ್ಕಾಚಾರ ಜೋಡಿಸಿತ್ತು. ಆಳಿಗೆ ಕೂಲಿ ಕೊಡುವ ಸಂಜೆಯ ಮುಖ ಜೋಡಿಸಿತ್ತು. ಹೊಸ ಎಂಜಿನಿನಲ್ಲಿ ಅವುಗಳಿಗೆ ಜಾಗವೆಲ್ಲಿ ಎಂದು ಯಾರೂ ಹುಡುಕುವುದಿಲ್ಲ. ಬಾಯಿಗೆ ಬೋಲ್ಟು ಬಿಗಿದು ಬಿಡುತ್ತಾರೆ. ಸಮನೆಲದಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಲಿಂಗಪೂಜೆ, ಪ್ರಸಾದ, ಸೋಮವಾರದ ಭಜನೆ ಎಲ್ಲವೂ ಸುಸೂತ್ರ. ಇಳುಕಲು ಬಂದಾಗ, ಎಂದರೆ ಬೆಳೆ ಹೋದ ವರ್ಷ, ಅಥವಾ ಆಸ್ತಿ ಹಿಸ್ಸೆಯಾಗುವ ದಿನ, ತುಳಿದ ಬ್ರೇಕು ಹಿಡಿಯುವುದಿಲ್ಲ. ಆಗ ಗುರುವನ್ನು ದೂರುತ್ತಾರೆ, ಇಲ್ಲವೇ ದೃಷ್ಟಿ ತೆಗೆಸಲು ಓಡುತ್ತಾರೆ. ದೀಕ್ಷೆಯ ಜೊತೆಗೆ ಪಂಚಾಚಾರಗಳನ್ನು ಹೇಳಿದ್ದು ಇದಕ್ಕಾಗಿಯೇ. ಲಿಂಗಾಚಾರವೊಂದೇ ಸಾಕಿದ್ದರೆ ಸದಾಚಾರ, ಭೃತ್ಯಾಚಾರಗಳ ಮಾತು ಏಕೆ ಬೇಕಿತ್ತು?

ಸದಾಚಾರದ ವಿಷಯಕ್ಕೆ ಬಂದರೆ ಕಾಗದಪತ್ರಗಳ ಮಾತು ಆಡಲೇಬೇಕು. ಗುಜರಿಯಿಂದ ತಂದ ಎಂಜಿನಿಗೆ ರಸೀದಿ ಇದೆಯೇ? ಅದರ ಮೇಲಿನ ನಂಬರು ಉಜ್ಜಿ ಹೋಗಿಲ್ಲವಷ್ಟೇ? ಯಾರದೋ ಮನೆಯ ಕಣ್ಣೀರನ್ನು ಅಗ್ಗಕ್ಕೆ ಕೊಂಡು ತಂದು ಅದಕ್ಕೆ ಕುಂಕುಮ ಹಚ್ಚಿದರೆ ಆ ಕಾಯಕ ಶುದ್ಧವಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ನಮ್ಮ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಎಂಜಿನ್ ಬದಲಿಸುವ ಮೊದಲು ಆರ್.ಟಿ.ಓ. ಕಚೇರಿಯ ಒಪ್ಪಿಗೆ ಪಡೆಯಬೇಕು, ಬದಲಿಸಿದ ಮೇಲೆ ಆರ್.ಸಿ. ಪುಸ್ತಕದಲ್ಲಿ ಬರೆಸಬೇಕು. 2019ರ ತಿದ್ದುಪಡಿಯ ಮೇಲೆ, ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಐವತ್ತು ವರ್ಷ ಮೀರಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆಂದು ಕೆಲವರು ಹೇಳುತ್ತಾರೆ. 2021ರ ಆ ನಿಯಮ ಮೂಲ ರೂಪದಲ್ಲಿರುವ ಖಾಸಗಿ ಗಾಡಿಗಳಿಗೆ ಮಾತ್ರ. ಎಂಜಿನ್ ಬದಲಿಸಿ ಬಾಡಿಗೆಗೆ ಓಡಿಸುವ ಲಾರಿಗೆ ಅಲ್ಲ. ಜತ್ತ, ಅಕ್ಕಲಕೋಟೆಯಿರಲಿ, ತಾಳವಾಡಿ, ರಾಯದುರ್ಗವಿರಲಿ, ಈ ಕಾಯಿದೆ ಒಂದೇ. “ಅಲ್ಲಿ ಮರಾಠಿ ಅರ್ಜಿ, ನಮಗೆ ತಿಳಿಯೋದಿಲ್ರಿ” ಎಂದು ಬಿಡಬೇಡಿ. ನಿಮ್ಮ ಮಕ್ಕಳು ಮರಾಠಿ ಶಾಲೆಯಲ್ಲಿಯೇ ಓದಿದವರು, ಅವರಿಂದ ಬರೆಸಿರಿ. ಕನ್ನಡದ ಅಭಿಮಾನಕ್ಕೂ ಇದಕ್ಕೂ ಸಂಬಂಧವಿಲ್ಲ.

ಮನೆಯಲ್ಲಿಯೇ ಈ ಕೆಲಸ ಮಾಡುವ ಹುಡುಗರಿಗೆ ಎರಡು ಮಾತು. ಕಬ್ಬಿಣದ ಆರು ಸಿಲಿಂಡರಿನ ಎಂಜಿನ್ ಕ್ವಿಂಟಲ್‌ಗಟ್ಟಲೆ ತೂಗುತ್ತದೆ. ಅದನ್ನು ಬೇವಿನ ಟೊಂಗೆಗೆ ಸರಪಳಿ ಕಟ್ಟಿ ಎತ್ತಬೇಡಿ. ಉಕ್ಕಿನ ಮುಕ್ಕಾಲಿಯನ್ನೂ ಒಳ್ಳೆಯ ಚೈನ್ ಬ್ಲಾಕನ್ನೂ ಬಾಡಿಗೆಗೆ ತನ್ನಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು. ಹಳೆಯ ಪೆಟ್ರೋಲ್ ಟ್ಯಾಂಕು ಬರಿದಾಗಿದೆಯೆಂದು ಅದಕ್ಕೆ ವೆಲ್ಡಿಂಗ್ ಹಿಡಿಯುವುದಂತೂ ಸರ್ವಥಾ ಸಲ್ಲದು. ಪೆಟ್ರೋಲು ಹೋದರೂ ಅದರ ಆವಿ ಒಳಗೇ ಇರುತ್ತದೆ, ಕಿಡಿ ತಾಗಿದರೆ ಟ್ಯಾಂಕು ಸಿಡಿಯುತ್ತದೆ. ಹೊಸ ಟ್ಯಾಂಕು ಕೊಳ್ಳಿರಿ. ಮನೆಗೆ ಒಬ್ಬನೇ ಮಗನೆಂದು ಹರಕೆ ಹೊತ್ತ ತಾಯಂದಿರು ನಮ್ಮ ಎದುರಿಗೆ ಕುಳಿತಿರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಪೆಟ್ರೋಲ್ ಎಂಜಿನಿಗೆ ಕಿಡಿ ಬೇಕು. ಕೀಲಿ ತಿರುಗಿಸಿ ಕಿಡಿ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಡೀಸೆಲಿಗೆ ಹೊರಗಿನ ಕಿಡಿ ಬೇಡ. ಒಳಗಿನ ಗಾಳಿಯನ್ನು ಹದಿನಾರು ಪಟ್ಟು ಅದುಮಿದಾಗ ಹುಟ್ಟುವ ಕಾವಿನಲ್ಲಿ ಎಣ್ಣೆ ತಾನೇ ಹೊತ್ತುತ್ತದೆ. ಆದ್ದರಿಂದ ಹಳೆಯ ಕೀಲಿ ತಿರುಗಿಸಿದರೆ ಇಂಥ ಎಂಜಿನ್ ನಿಲ್ಲುವುದಿಲ್ಲ. ಎಣ್ಣೆಯನ್ನೇ ತಡೆಯುವ ತಂತಿಯೊಂದನ್ನು ಎಳೆಯಬೇಕು. ಜಾತ್ರೆಯ ದಿನ ಪಲ್ಲಕ್ಕಿ ಕಂಡಾಗ ಮಾತ್ರ ಹೊತ್ತುವ ಭಕ್ತಿ ಪೆಟ್ರೋಲಿನ ಜಾತಿಯದು. ದಿನಾಲು ಮೂರು ಹೊತ್ತು ಅಂಗೈಯ ಲಿಂಗವನ್ನು ದಿಟ್ಟಿಸಿ ಮನಸ್ಸನ್ನು ಅದುಮಿ ಹಿಡಿದವರಲ್ಲಿ ಹುಟ್ಟುವ ಕಾವು ಬೇರೆ. ಹಾಗೆಯೇ ಕೋಪವನ್ನು ನಿಲ್ಲಿಸಲು ಹೊರಟವರು ಬಾಯಿ ಮುಚ್ಚಿಕೊಂಡರೆ ಸಾಲದು. ಒಳಗೆ ಅದಕ್ಕೆ ಎಣ್ಣೆ ಎಲ್ಲಿಂದ ಹರಿದು ಬರುತ್ತಿದೆ ಎಂದು ನೋಡಿ ಅಲ್ಲಿ ತಡೆಯಬೇಕು.

ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯೋಣ. ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು. ಅವರ ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ತುಂಬಿ ನಿಂತಿದೆ. ಇಷ್ಟು ಲೋಕೋಪಕಾರ ಮಾಡಿದವರನ್ನು ಅಲ್ಲಮಪ್ರಭುಗಳು ಕೆಣಕಿ ಕಲ್ಯಾಣಕ್ಕೆ ಕರೆದೊಯ್ದರು, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯಾಯಿತು. ಕೆರೆ ಕಟ್ಟಿದ್ದು ತಪ್ಪೆಂದಲ್ಲ. ನಾನು ಕಟ್ಟಿದೆನೆಂಬ ಎಣ್ಣೆಯಿಂದ ಓಡುತ್ತಿದ್ದ ಕಾಯಕ ಇನ್ನೊಂದರಿಂದ ಓಡಬೇಕಾಗಿತ್ತು. ಅದಾದ ಮೇಲೆ ಸಿದ್ಧರಾಮರು ತಮ್ಮ ಒಂದೊಂದು ನಂಬಿಕೆಯನ್ನೂ ಬಿಚ್ಚಿ ಹೊಸದಾಗಿ ಜೋಡಿಸಿಕೊಳ್ಳಬೇಕಾಯಿತು. ಅಷ್ಟು ದೊಡ್ಡವರಿಗೇ ತಪ್ಪದ ಶ್ರಮ ನಮಗೆ ನಿಮಗೆ ತಪ್ಪೀತೇ?

ಜತ್ತದ ಲಾರಿಗೆ ಈಗ ವ್ಯಾಕ್ಯೂಮ್ ಪಂಪು ಬಂದಿದೆ. ಆದರೆ ಮನೆಯವರಿಗೆ ಹೊಸ ಆಸೆ ಹುಟ್ಟಿದೆ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲಿಯೇ ಬಲವಾಗಿ ಎಳೆಯುತ್ತದೆ. ಹಿಂದೆ ಐವತ್ತು ಚೀಲ ಹೇರುತ್ತಿದ್ದಲ್ಲಿ ಎಪ್ಪತ್ತು ಹೇರಿದರೂ ಏರು ಹತ್ತುತ್ತದೆ. ಹತ್ತುತ್ತದೆ ನಿಜ. ಕಮಾನುಪಟ್ಟಿ, ಆಕ್ಸೆಲ್ಲು, ಬ್ರೇಕಿನ ಡ್ರಮ್ಮು ಎಲ್ಲವೂ ಅಜ್ಜನ ಕಾಲದವೇ ಅಲ್ಲವೇ? ಅಲ್ಲದೆ ಹಳೆಯ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3,600ರ ಸುಮಾರು ಸುತ್ತುತ್ತಿತ್ತು, ಇದು 2,400ರ ಆಸುಪಾಸಿಗೆ ನಿಲ್ಲುವಂಥದು. ಡಿಫರೆನ್ಷಿಯಲ್ ಬದಲಿಸದಿದ್ದರೆ ವೇಗ ಮೂರರಲ್ಲಿ ಒಂದು ಪಾಲು ಇಳಿಯಲೇಬೇಕು. ಇಳಿಯಲಿ ಬಿಡಿ. ವೇಗಕ್ಕಾಗಿ ಗವರ್ನರಿನ ಸೀಲು ಒಡೆಯುವ ಸಲಹೆಯನ್ನು ಯಾರೋ ಕೊಟ್ಟಿದ್ದಾರಂತೆ. ಕೊಟ್ಟವರು ಎಂಜಿನ್ ಒಡೆದ ಮೇಲೆ ಬರುವುದಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳಿಸಿದರು. ಎಪ್ಪತ್ತು ಚೀಲ ಹೇರಿ ಬಂದ ದಿನ ಹಾಗೆ ಹೇಳುವ ತಾಯಿ ಆ ಮನೆಯಲ್ಲಿ ಇದ್ದಾರೆಂದು ನಾವು ಬಲ್ಲೆವು. ಗಂಡಸರು ಅವರ ಮಾತು ಕೇಳಬೇಕು.

ಭೃತ್ಯಾಚಾರದ ಮಾತು ಉಳಿಯಿತು. ಆ ದಿನ ಚೀಲಗಳ ಮೇಲೆ ಕುಳಿತಿದ್ದ ನಾಲ್ವರು ಕೂಲಿಯವರು. ಅವರಿಗೆ ಏನಾದರೂ ಆಗಿದ್ದರೆ, ಎಂಜಿನ್ ಬದಲಿಸಿದ ವಿಷಯ ತಿಳಿಸದ ಗಾಡಿಗೆ ವಿಮಾ ಕಂಪನಿ ಸುಲಭವಾಗಿ ಹಣ ಕೊಡುತ್ತಿರಲಿಲ್ಲ, ಅವರ ಮಕ್ಕಳು ಕೋರ್ಟಿಗೆ ಅಲೆಯಬೇಕಾಗುತ್ತಿತ್ತು. ಸರಕಿನ ಗಾಡಿಯಲ್ಲಿ ಪುಕ್ಕಟೆಯಾಗಿ ಕರೆದೊಯ್ದ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ತೀರ್ಪು ಕೊಟ್ಟಿದೆ. ಮಠದ ಜಾತ್ರೆಗೆ ಲಾರಿ, ಟ್ರಾಲಿಗಳಲ್ಲಿ ಹೆಣ್ಣುಮಕ್ಕಳನ್ನು, ಕೂಸುಗಳನ್ನು ತುಂಬಿಕೊಂಡು ಬರುವವರಿಗೂ ಈ ಮಾತು ಸಲ್ಲುತ್ತದೆ.

ಆದ್ದರಿಂದ ಬರುವ ಜಾತ್ರೆಗೆ ಭಕ್ತರು ಎಸ್.ಟಿ. ಬಸ್ಸಿನಲ್ಲಿ ಬರಬೇಕು. ಬಸ್ಸಿಲ್ಲದ ಊರಿನವರು ಒಂದು ವಾರ ಮೊದಲೇ ಮಠಕ್ಕೆ ತಿಳಿಸಿದರೆ ಗಾಡಿಯ ವ್ಯವಸ್ಥೆ ಮಾಡಿಸುತ್ತೇವೆ. ಲಾರಿಗಳಲ್ಲಿ ದಾಸೋಹದ ಜೋಳ, ಬೇಳೆ, ಕಟ್ಟಿಗೆ ಮಾತ್ರ ಬರಲಿ. ಅವನ್ನು ಇಳಿಸಿಕೊಳ್ಳಲು ಮಠದ ಹಿಂಬಾಗಿಲು ಬೆಳಿಗ್ಗೆ ಆರು ಗಂಟೆಯಿಂದ ತೆರೆದಿರುತ್ತದೆ.